ದಸರಾ ರಜೆಯಲ್ಲಿ ದ್ರಾಕ್ಷಿ ಸೀಮೆಗೆ: ಓದುಗರ ಪ್ರಶ್ನೆ, ಧಾರವಾಡದಿಂದ ಉತ್ತರ

ದಸರಾ ರಜೆಗೆ ಎಲ್ಲಿಗೆ ಹೋಗಿ ಬರೋಣ ಎಂದು ಕೇಳಿದ ಪತ್ರಗಳಲ್ಲಿ ಈ ಸಲ ದ್ರಾಕ್ಷಿ ಮತ್ತು ವೈನ್ ಬಗ್ಗೆ ಇರುವುದನ್ನೇ ಆರಿಸಿಕೊಂಡಿದ್ದೇನೆ. ಅದಕ್ಕೆ ಕಾರಣವಿದೆ. ನನ್ನ ತವರು ವಿಜಯಪುರದ ಆಚೆ, ತಿಕೋಟಾ ಕಡೆ. ಮದುವೆಯಾಗಿ ಧಾರವಾಡಕ್ಕೆ ಬಂದೆ. ಅಣ್ಣ ಈಗಲೂ ದ್ರಾಕ್ಷಿ ಪಡ, ಅಂದರೆ ತೋಟ, ನೋಡಿಕೊಳ್ಳುತ್ತಾನೆ. ಆ ಸೀಮೆಗೆ ನಮ್ಮ ಅವಳಿ ನಗರದ ಜನ ಹೋಗಬೇಕು, ಕಣ್ಣಾರೆ ನೋಡಬೇಕು ಎಂಬ ಆಸೆ ನನಗೆ ಮೊದಲಿನಿಂದಲೂ ಇದೆ.

ಪ್ರಶ್ನೆ: ಅಕ್ಕಾವ್ರೇ, ನಮಸ್ಕಾರ. ನಮ್ಮ ಮಗ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದ್ದಾನೆ. ಹೋದ ವರ್ಷ ಅಕ್ಟೋಬರ್‌ನಲ್ಲಿ ನಮ್ಮನ್ನು ನಾಪಾ ಕಣಿವೆಗೆ ಕರೆದುಕೊಂಡು ಹೋಗಿದ್ದ. ಬೆಳಿಗ್ಗೆ ಹೊರಟು ರಾತ್ರಿ ಮನೆಗೆ ಬಂದೆವು. ಎಲ್ಲಿ ನೋಡಿದರೂ ದ್ರಾಕ್ಷಿ ತೋಟ, ಬಣ್ಣ ತಿರುಗಿದ ಎಲೆ, ಒಂದರ ಹಿಂದೆ ಒಂದು ವೈನರಿ. ಈ ದಸರೆಗೆ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಬರುತ್ತಿದ್ದಾರೆ. ಹುಬ್ಬಳ್ಳಿಯಿಂದ ಒಂದೇ ದಿನದಲ್ಲಿ ಹೋಗಿ ಬರುವಂಥದ್ದು ನಮ್ಮಲ್ಲೂ ಇದೆಯಾ?
ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಇದೆ. ಆದರೆ ಹೊರಡುವ ಮುಂಚೆಯೇ ಮೊಮ್ಮಕ್ಕಳಿಗೆ ಒಂದು ಮಾತು ಹೇಳಿಬಿಡಿ. ಅಕ್ಟೋಬರ್‌ನಲ್ಲಿ ನಮ್ಮ ಕಡೆ ಬಳ್ಳಿಯಲ್ಲಿ ಹಣ್ಣು ಇರುವುದಿಲ್ಲ. ಎಷ್ಟೋ ಪಡಗಳಲ್ಲಿ ಎಲೆಯೂ ಇರುವುದಿಲ್ಲ. ಗೊತ್ತಿಲ್ಲದೆ ಹೋದವರು ಬೋಳು ಕಡ್ಡಿ ನೋಡಿ "ತೋಟ ಒಣಗಿ ಹೋಗಿದೆ" ಎಂದುಕೊಂಡು ಗಾಡಿ ತಿರುಗಿಸುತ್ತಾರೆ. ಒಣಗಿರುವುದಿಲ್ಲ. ಇಡೀ ವರ್ಷದ ಫಸಲು ಶುರುವಾಗುವುದೇ ಆಗ.

ನಾಪಾದಲ್ಲಿ ಚಳಿಗಾಲ ಬಂದರೆ ಬಳ್ಳಿ ತಾನಾಗಿಯೇ ಎಲೆ ಉದುರಿಸಿ ಮಲಗುತ್ತದೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ಚಿಗುರುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಕೊಯ್ಲು. ನೀವು ಹೋಗಿದ್ದು ಆ ಕೊಯ್ಲು ಮುಗಿಯುವ ಹೊತ್ತಿಗೆ. ನಮ್ಮಲ್ಲಿ ಬಳ್ಳಿ ಮಲಗುವಷ್ಟು ಚಳಿ ಎಲ್ಲಿದೆ? ಅದರ ಪಾಡಿಗೆ ಬಿಟ್ಟರೆ ವರ್ಷವಿಡೀ ಹಬ್ಬುತ್ತಲೇ ಇರುತ್ತದೆ, ಗೊನೆ ಮಾತ್ರ ನೆಟ್ಟಗೆ ಬರುವುದಿಲ್ಲ. ಅದಕ್ಕೇ ನಮ್ಮ ರೈತರು ವರ್ಷಕ್ಕೆ ಎರಡು ಸಲ ಕತ್ತರಿ ಹಿಡಿಯುತ್ತಾರೆ. ಹೀಗೆ ಕಡ್ಡಿ ಕತ್ತರಿಸುವುದಕ್ಕೆ ನಮ್ಮ ಕಡೆ ಚಾಟ್ನಿ ಎನ್ನುತ್ತಾರೆ. ಏಪ್ರಿಲ್ ಚಾಟ್ನಿಯಲ್ಲಿ ಕಡ್ಡಿಯ ಬುಡದ ಹತ್ತಿರ ಒಂದು ಕಣ್ಣು, ಅಂದರೆ ಚಿಗುರೊಡೆಯುವ ಜಾಗ, ಉಳಿಸಿ ಕತ್ತರಿಸುತ್ತಾರೆ. ಆ ಕಣ್ಣಿನಿಂದ ಹೊಸ ಕಡ್ಡಿ ಬರುತ್ತದೆ. ಮುಂದೆ ಗೊನೆಯಾಗುವ ಮೊಗ್ಗು ಬೇಸಿಗೆಯಲ್ಲಿ ಆ ಹೊಸ ಕಡ್ಡಿಯ ಕಣ್ಣಿನೊಳಗೆ, ಯಾರಿಗೂ ಕಾಣದ ಹಾಗೆ, ರೂಪ ಪಡೆಯುತ್ತದೆ. ಮಳೆಗಾಲ ಕಳೆದ ಮೇಲೆ ಅಕ್ಟೋಬರ್ ಚಾಟ್ನಿ. ಈ ಸಲ ಕಡ್ಡಿಯ ಮೇಲೆ ಕೆಲವು ಕಣ್ಣು ಉಳಿಸಿ ತುದಿ ಕತ್ತರಿಸುತ್ತಾರೆ. ಗೊನೆ ಬರುವುದು ಆ ಕಣ್ಣುಗಳಿಂದ. ಹಣ್ಣು ಮಾಗುವುದು ಜನವರಿಯಿಂದ ಮಾರ್ಚ್‌ವರೆಗೆ. ಆಗ ಮಳೆಯಿಲ್ಲ, ಹಗಲು ಒಳ್ಳೆ ಬಿಸಿಲು, ರಾತ್ರಿ ತಂಪು. ಹಣ್ಣಿನಲ್ಲಿ ಸಿಹಿಯೂ ಕೂಡುತ್ತದೆ, ಹುಳಿಯೂ ಉಳಿಯುತ್ತದೆ. ವೈನ್‌ಗೆ ಎರಡೂ ಬೇಕು.

ಅಣ್ಣನ ಪಡದಲ್ಲಿ ಚಾಟ್ನಿ ದಿನ ನೋಡುವಂಥದ್ದು. ಬೆಳಕು ಹರಿಯುವಷ್ಟರಲ್ಲಿ ಟಂಟಂ ಗಾಡಿಯಲ್ಲಿ ಆಳುಗಳ ತಂಡ ಬಂದಿರುತ್ತದೆ. ಸಾಲಿನಿಂದ ಸಾಲಿಗೆ ಕತ್ತರಿಯ ಸದ್ದು. ಹೆಣ್ಣುಮಕ್ಕಳು ಬಿದ್ದ ಕಡ್ಡಿಯನ್ನು ಎತ್ತಿ ಬದುವಿಗೆ ಒಟ್ಟುತ್ತಾರೆ. ಎಲ್ಲಿ ಕತ್ತರಿಸಬೇಕು ಎಂದು ಅವರು ಯೋಚಿಸುತ್ತಾ ನಿಲ್ಲುವುದಿಲ್ಲ. ಕಡ್ಡಿಯ ದಪ್ಪ, ಕಣ್ಣಿನ ಉಬ್ಬು ನೋಡಿದರೆ ಸಾಕು, ಕೈ ತಾನಾಗಿ ಸರಿಯಾದ ಜಾಗಕ್ಕೆ ಹೋಗುತ್ತದೆ. ಒಂದು ಕಣ್ಣು ಹೆಚ್ಚು ಕಮ್ಮಿ ಆದರೆ ಗೊನೆಯ ಲೆಕ್ಕವೇ ಬದಲಾಗುತ್ತದೆ. ಇಷ್ಟು ನಾಜೂಕಿನ ಕೆಲಸ ಮಾಡುವವರನ್ನು ಊರವರು ಬರೀ "ಆಳು" ಎಂದು ಕರೆಯುತ್ತಾರೆ ಅಂತ ನನಗೆ ಯಾವಾಗಲೂ ಸಂಕಟ.

ಕತ್ತರಿಸಿದ ಮೇಲೆ ಉಳಿದ ಕಣ್ಣುಗಳಿಗೆ ಒಂದು ಔಷಧಿ ಹಚ್ಚುತ್ತಾರೆ. ಹೈಡ್ರೋಜನ್ ಸಯನಮೈಡ್ ಅದರ ಹೆಸರು. ಎಲ್ಲ ಕಣ್ಣು ಒಟ್ಟಿಗೆ ಒಡೆಯಲಿ ಎಂದು ಅದನ್ನು ಹಚ್ಚುವುದು. ಚರ್ಮಕ್ಕೂ ಉಸಿರಿಗೂ ಅದು ಒಳ್ಳೆಯದಲ್ಲ, ಕೈಗವಸು ಹಾಕಿಕೊಂಡೇ ಹಚ್ಚಬೇಕು. ನೀವು ಹೋದ ದಿನ ಆ ಕೆಲಸ ನಡೆದಿದ್ದರೆ ಮಕ್ಕಳನ್ನು ದೂರ ಇರಿಸಿ. ಅವರು ಕಡ್ಡಿ ಮುಟ್ಟುವುದು ಬೇಡ.

ಇನ್ನು ದಾರಿ. ಎರಡು ದಾರಿ ಹೇಳುತ್ತೇನೆ.

ಮೊದಲನೆಯದು ವಿಜಯಪುರದ ದಾರಿ, ರಾಷ್ಟ್ರೀಯ ಹೆದ್ದಾರಿ 52. ಹುಬ್ಬಳ್ಳಿಯಿಂದ ಸುಮಾರು 200 ಕಿ.ಮೀ. ನಿಲ್ಲಿಸುತ್ತಾ ಹೋದರೆ ನಾಲ್ಕು ಗಂಟೆಗಿಂತ ಜಾಸ್ತಿಯೇ ಬೇಕು. ಬೆಳಿಗ್ಗೆ ಐದಕ್ಕೆ ಮನೆ ಬಿಡಿ. ನವಲಗುಂದ, ನರಗುಂದದ ಎರೆಹೊಲಗಳಲ್ಲಿ ಆ ದಿನಗಳಲ್ಲಿ ಹಿಂಗಾರಿ ಬಿತ್ತನೆ ನಡೆದಿರುತ್ತದೆ. ಕಡಲೆ, ಬಿಳಿಜೋಳ, ಕುಸುಬೆ. ಕಣ್ಣು ಹಾಯುವಷ್ಟು ಕಪ್ಪು ನೆಲ, ನಡುವೆ ಕೂರಿಗೆ. ನಿಮ್ಮ ಸೊಸೆಗೆ ಇದನ್ನು ತೋರಿಸಿ. ನಾಪಾದಲ್ಲಿ ಇಂಥದ್ದು ಸಿಗುವುದಿಲ್ಲ. ಮಲಪ್ರಭೆ ದಡದ ಕೊಣ್ಣೂರು ಪೇರಲ ಹಣ್ಣಿಗೆ ಹೆಸರುವಾಸಿ. ಸಿಕ್ಕರೆ ಬಿಡಬೇಡಿ. ಬಾಗಲಕೋಟೆ ದಾಟಿದರೆ ಕೊಲ್ಹಾರ. ಅಲ್ಲಿ ಕೃಷ್ಣೆಯ ಹಿನ್ನೀರಿನ ಮೇಲೆ ಉದ್ದನೆಯ ಸೇತುವೆ. ರಸ್ತೆ ಬದಿಯಲ್ಲಿ ಕುಡಿಕೆ ಮೊಸರು ಮಾರುತ್ತಾರೆ. ಮನೆಯಿಂದ ಕಟ್ಟಿಕೊಂಡ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಬಿಚ್ಚಲು ಅದಕ್ಕಿಂತ ಒಳ್ಳೆ ಜಾಗ ಆ ದಾರಿಯಲ್ಲಿ ನನಗೆ ಗೊತ್ತಿಲ್ಲ. ವಿಜಯಪುರ ಮುಟ್ಟಿದ ಮೇಲೆ ತಿಕೋಟಾ, ಬಬಲೇಶ್ವರ ಕಡೆ ತಿರುಗಿದರೆ ಎರಡೂ ಬದಿಗೆ ದ್ರಾಕ್ಷಿ ಪಡ ಶುರು.

ಆದರೆ ಎಂಟು ಗಂಟೆ ಕಾರಿನಲ್ಲಿ ಕೂರುವುದು ಚಿಕ್ಕ ಮಕ್ಕಳಿಗೆ ಕಷ್ಟ. ರಾತ್ರಿ ವಿಜಯಪುರದಲ್ಲೇ ಉಳಿದು, ಗೋಲಗುಮ್ಮಟ ನೋಡಿಕೊಂಡು ಮರುದಿನ ಬರುವುದಾದರೆ ಈ ದಾರಿ ಹಿಡಿಯಿರಿ. ಒಂದೇ ದಿನ ಎಂದರೆ ಎರಡನೇ ದಾರಿಯೇ ಮೇಲು.

ಅದು ಗದಗ, ಕೊಪ್ಪಳದ ದಾರಿ. ಗದಗಕ್ಕೆ ಸುಮಾರು 60 ಕಿ.ಮೀ., ಅಲ್ಲಿಂದ ಲಕ್ಕುಂಡಿಗೆ 11–12 ಕಿ.ಮೀ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ ಇದೆ, ಕಾಶಿ ವಿಶ್ವನಾಥ ಗುಡಿ ಇದೆ, ಮೆಟ್ಟಿಲು ಬಾವಿಗಳಿವೆ. ಮುಂದೆ ಇಟಗಿಯ ಮಹಾದೇವ ದೇವಾಲಯ, 1112ರದ್ದು. ಕೊಪ್ಪಳ ಜಿಲ್ಲೆಯಲ್ಲೇ ಕ್ರಿಸ್ಮಾ ಎಸ್ಟೇಟ್ಸ್ ಎಂಬ ವೈನ್ ತೋಟ ಇದೆ. ತಮ್ಮ ವೈನ್‌ಗೆ ಅವರು ಹಂಪಿ ಹಿಲ್ಸ್ ಎಂದು ಊರ ಗುರುತು ಹಾಕುತ್ತಾರೆ. ಕ್ಯಾಬರ್ನೆ ಸುವಿನ್ಯೋನ್, ಸಾಂಜೊವೇಸೆ, ಸುವಿನ್ಯೋನ್ ಬ್ಲಾಂಕ್‌ನಂಥ ತಳಿಗಳನ್ನು ತಮ್ಮದೇ ತೋಟದಲ್ಲಿ ಬೆಳೆದು, ಅಲ್ಲೇ ವೈನ್ ಮಾಡುತ್ತಾರೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಾಪಾದಲ್ಲಿ ವೈನರಿಗಳು ಪ್ರವಾಸಿಗರಿಗೆಂದೇ ಬಾಗಿಲು ತೆರೆದು, ರುಚಿ ನೋಡಲು ಕೋಣೆ ಇಟ್ಟು, ಊಟದ ವ್ಯವಸ್ಥೆ ಮಾಡಿಕೊಂಡು ಕುಳಿತಿರುತ್ತವೆ. ಉತ್ತರ ಕರ್ನಾಟಕದ ವೈನರಿಗಳು ಮುಖ್ಯವಾಗಿ ಕೆಲಸದ ಜಾಗ. ಯಾವ ವೈನರಿಯೇ ಆಗಲಿ, ವಾರ ಮುಂಚೆ ಫೋನ್ ಮಾಡಿ, ಎಷ್ಟು ಜನ ಬರುತ್ತೇವೆ, ಮಕ್ಕಳಿದ್ದಾರೆ ಎಂದು ಹೇಳಿ, ಒಪ್ಪಿಗೆ ಸಿಕ್ಕರೆ ಮಾತ್ರ ಹೋಗಿ. ಆಯುಧ ಪೂಜೆ, ವಿಜಯದಶಮಿ ದಿನ ಯಾರೂ ಸಿಗುವುದಿಲ್ಲ. ಒಪ್ಪಿಗೆ ಸಿಗದಿದ್ದರೂ ಲಕ್ಕುಂಡಿ, ಇಟಗಿ ಸೇರಿ ನಿಮ್ಮ ದಿನ ತುಂಬುತ್ತದೆ. ಒಂದೇ ದಿನಕ್ಕೆ ಈ ದಾರಿಯೇ ಮೇಲು ಎಂದು ನಾನು ಹೇಳುವುದಕ್ಕೆ ಅದೂ ಒಂದು ಕಾರಣ.

ಮಗನಿಗೆ ಹೇಳಿ, ರಜೆ ಹೊಂದಿಸಿಕೊಂಡು ಒಮ್ಮೆ ಫೆಬ್ರವರಿಯಲ್ಲಿ ಬರಲಿ. ಆಗ ನಮ್ಮ ಸೀಮೆಯಲ್ಲಿ ಗೊನೆ ತೂಗುತ್ತಿರುತ್ತದೆ, ನಾಪಾದಲ್ಲಿ ಬೋಳು ಕಡ್ಡಿ ಇರುತ್ತದೆ.

ಪ್ರಶ್ನೆ: ನಾನು ಆಹಾರ ವಿಜ್ಞಾನ ಓದುವ ವಿದ್ಯಾರ್ಥಿನಿ. ಗೆಳತಿಯರೆಲ್ಲ ಸೇರಿ ಅಕ್ಟೋಬರ್ ರಜೆಯಲ್ಲಿ ವೈನರಿ ನೋಡಬೇಕು ಅಂತ ಇದ್ದೇವೆ. ಕೊಯ್ಲೇ ಇಲ್ಲದ ಹೊತ್ತಿನಲ್ಲಿ ಅಲ್ಲಿ ನೋಡಲು ಏನಿರುತ್ತದೆ?
ಓದುಗರೊಬ್ಬರು, ಸಪ್ತಾಪುರ, ಧಾರವಾಡ

ಉತ್ತರ: ನಿಮಗೆ ಅಕ್ಟೋಬರ್ ಒಳ್ಳೆಯ ಸಮಯ. ಕೊಯ್ಲಿನಲ್ಲಿ ಅಲ್ಲಿನ ಜನಕ್ಕೆ ಊಟ ಮಾಡಲೂ ಪುರುಸೊತ್ತು ಇರುವುದಿಲ್ಲ, ನಿಮ್ಮ ಪ್ರಶ್ನೆಗೆ ಉತ್ತರ ಯಾರು ಕೊಡುತ್ತಾರೆ? ಈಗ ಸಮಾಧಾನವಾಗಿ ಮಾತಾಡುತ್ತಾರೆ.

ಒಳಗೆ ಹೋದ ತಕ್ಷಣ ಸ್ಟೀಲ್ ಟ್ಯಾಂಕ್‌ಗಳು ಕಾಣುತ್ತವೆ. ಹೊರಗೆ ಎರಡು ಪದರ, ನಡುವೆ ತಣ್ಣನೆಯ ದ್ರವ ಹರಿಯುವಂತೆ ಮಾಡಿರುತ್ತಾರೆ. ನಮ್ಮ ಹವೆಗೆ ಇದು ಜೀವಾಳ. ಹುದುಗುವಾಗ ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್, ಇಂಗಾಲದ ಡೈಆಕ್ಸೈಡ್ ಕೊಡುತ್ತದೆ, ಜೊತೆಗೆ ಶಾಖವೂ ಹುಟ್ಟುತ್ತದೆ. ಮಾರ್ಚ್ ಬಿಸಿಲಿನಲ್ಲಿ ಆ ಶಾಖ ತಡೆಯದಿದ್ದರೆ ಹಣ್ಣಿನ ಪರಿಮಳವೇ ಹಾರಿಹೋಗುತ್ತದೆ. ಬಿಳಿ ವೈನ್‌ಗೆ ರಸವನ್ನು ಮಾತ್ರ ತೆಗೆದು, ಹೆಚ್ಚು ಕಮ್ಮಿ 12ರಿಂದ 18 ಡಿಗ್ರಿಯಲ್ಲಿ ನಿಧಾನ ಹುದುಗಿಸುತ್ತಾರೆ. ಕೆಂಪು ವೈನ್ ಸಿಪ್ಪೆಯ ಜೊತೆಗೇ, 25ರಿಂದ 30 ಡಿಗ್ರಿಯಲ್ಲಿ ಹುದುಗುತ್ತದೆ. ಬಣ್ಣ ಬರುವುದು ಸಿಪ್ಪೆಯಿಂದ. ಕಪ್ಪು ದ್ರಾಕ್ಷಿ ಒಂದನ್ನು ಹಿಚುಕಿ ನೋಡಿ, ಬಹಳಷ್ಟು ತಳಿಗಳಲ್ಲಿ ಒಳಗಿನ ರಸಕ್ಕೆ ಬಣ್ಣವೇ ಇರುವುದಿಲ್ಲ.

ಅಕ್ಟೋಬರ್ ಹೊತ್ತಿಗೆ ಆ ವರ್ಷದ ಬಿಳಿ ವೈನ್ ಬಾಟಲಿ ಸೇರಿರುತ್ತದೆ ಅಥವಾ ಸೇರುತ್ತಿರುತ್ತದೆ. ಕೆಂಪು ವೈನ್ ಓಕ್ ಮರದ ಪೀಪಾಯಿಗಳಲ್ಲಿ ಇರುತ್ತದೆ. ಒಂದು ಪೀಪಾಯಿಗೆ ಸಾಮಾನ್ಯವಾಗಿ 225 ಲೀಟರ್. ಮರದ ಮೂಲಕ ವೈನ್ ಸ್ವಲ್ಪ ಸ್ವಲ್ಪವೇ ಆರುತ್ತದೆ. ಖಾಲಿ ಜಾಗದಲ್ಲಿ ಗಾಳಿ ನಿಂತರೆ ಹುಳಿಯಾಗುತ್ತದೆ ಎಂದು ಆಗಾಗ ತುಂಬಿಸುತ್ತಾ ಇರಬೇಕು. ಅದನ್ನು ನೋಡಲು ಕೇಳಿಕೊಳ್ಳಿ.

ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ಹಣ್ಣನ್ನು ಎಷ್ಟು ಬ್ರಿಕ್ಸ್‌ಗೆ ಕೊಯ್ದಿರಿ? ಬ್ರಿಕ್ಸ್ ಎಂದರೆ ರಸದಲ್ಲಿರುವ ಸಕ್ಕರೆಯ ಅಳತೆ. 24 ಬ್ರಿಕ್ಸ್ ಇದ್ದರೆ ಸುಮಾರು 13–14 ಪರ್ಸೆಂಟ್ ಆಲ್ಕೋಹಾಲ್ ಬರುತ್ತದೆ. ರಾತ್ರಿ ಕೊಯ್ದಿರಾ, ಹಗಲಾ? ಬಿಸಿಲಲ್ಲಿ ಕೊಯ್ದ ಹಣ್ಣು ಕಾರ್ಖಾನೆ ಮುಟ್ಟುವ ಮೊದಲೇ ಹುದುಗಲು ಶುರು ಮಾಡುತ್ತದೆ. ಸಿಪ್ಪೆ, ಬೀಜ ಏನು ಮಾಡುತ್ತೀರಿ? ನೀರು ಎಷ್ಟು ಬೇಕು, ಬಳಸಿದ ನೀರು ಎಲ್ಲಿ ಹೋಗುತ್ತದೆ? ಕೊನೆಯ ಪ್ರಶ್ನೆಯನ್ನು ಮರೆಯದೆ ಕೇಳಿ. ನೀರಿಲ್ಲದ ವರ್ಷ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡ ಊರಿನವಳು ನಾನು. ಅಲ್ಲಿ ಟ್ಯಾಂಕ್ ತೊಳೆದ ನೀರು ಸುಮ್ನೆ ಚರಂಡಿಗೆ ಹೋಗುತ್ತಿದ್ದರೆ ನನಗೆ ಹೊಟ್ಟೆ ಉರಿಯುತ್ತದೆ.

ತೋಟದಲ್ಲಿ ಎಲೆಗಳ ಮೇಲೆ ನೀಲಿ ಕಲೆ ಕಂಡರೆ ಅದು ಬೋರ್ಡೋ ದ್ರಾವಣ. ಮೈಲುತುತ್ತ, ಸುಣ್ಣ, ನೀರು. ಅಡಿಕೆಗೆ ಹೊಡೆಯುವುದನ್ನು ನೀವು ಶಿರಸಿ ಕಡೆ ನೋಡಿರಬಹುದು. ಇದು ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟದಲ್ಲಿ. ದಾರಿಹೋಕರು ಹಣ್ಣು ಕೀಳದಿರಲಿ ಎಂದು ರಸ್ತೆ ಪಕ್ಕದ ಸಾಲಿಗೆ ಅದನ್ನು ಹೊಡೆಯುತ್ತಿದ್ದರು. ಆ ಸಾಲುಗಳಿಗೆ ಮಾತ್ರ ಬೂಜು ರೋಗ ತಗುಲದೆ ಇದ್ದುದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿದ. 1885ರಲ್ಲಿ ಅದನ್ನು ಪ್ರಕಟಿಸಿದ. ಚಾಟ್ನಿಯಾಗಿ ಚಿಗುರು ಬಂದಾಗ ಹಿಂಗಾರಿ ಮಳೆ ಹಿಡಿದರೆ ನಮ್ಮ ರೈತರನ್ನು ಕಾಡುವುದೂ ಇದೇ ಬೂಜು. ಭೀಮಾ ನದಿ ಉಕ್ಕಿದ 2020ರ ಅಕ್ಟೋಬರ್ ಮಳೆ ನೆನಪಿದೆಯಲ್ವಾ? ಅಂಥ ಮಳೆಯಲ್ಲಿ ದ್ರಾಕ್ಷಿ ರೈತನಿಗೆ ನಿದ್ದೆ ಇರುವುದಿಲ್ಲ. ಅಣ್ಣ ಆ ದಿನಗಳಲ್ಲಿ ಫೋನಿನಲ್ಲಿ ಮಾತು ಶುರು ಮಾಡುವುದೇ "ಧಾರವಾಡದಾಗ ಮೋಡ ಹ್ಯಾಂಗ ಅದಾವು?" ಎಂದು.

ಪ್ರಶ್ನೆ: ಮೇಡಂ, ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ಆದರೆ ದ್ರಾಕ್ಷಿ ತೋಟ ನೋಡುವ ಆಸೆ ಎಲ್ಲರಿಗೂ ಇದೆ. ಅತ್ತೆಯವರನ್ನೂ ಮಕ್ಕಳನ್ನೂ ಅಂಥ ಕಡೆ ಕರೆದುಕೊಂಡು ಹೋಗುವುದು ಸರಿಯಾ?
ಶಿಕ್ಷಕಿ, ಗದಗ

ಉತ್ತರ: ಖಂಡಿತ ಕರೆದುಕೊಂಡು ಹೋಗಿ. ಆದರೆ ವೈನರಿ ಬಿಡಿ, ಒಣದ್ರಾಕ್ಷಿ ಮಾಡುವವರ ಕಡೆ ಹೋಗಿ. ವಿಜಯಪುರ ಜಿಲ್ಲೆಯ ದ್ರಾಕ್ಷಿ ಎಂದರೆ ನಿಜವಾಗಿ ಒಣದ್ರಾಕ್ಷಿಯೇ. ವೈನ್‌ಗೆ ಹೋಗುವುದು ಅದರ ಮುಂದೆ ತೀರಾ ಸಣ್ಣ ಪಾಲು. ನಿಮ್ಮ ಮನೆಯ ಪಾಯಸದಲ್ಲಿ ಉಬ್ಬುವ ಒಣದ್ರಾಕ್ಷಿ ನಮ್ಮ ಸೀಮೆಯದ್ದೇ ಇರಬಹುದು.

ಗೊನೆಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಒಂದು ಬಗೆಯ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಹಣ್ಣಿನ ಮೇಲಿನ ಮೇಣದ ಪದರ ಸಡಿಲವಾಗಿ ನೀರು ಬೇಗ ಆರುತ್ತದೆ. ಆಮೇಲೆ ನೆರಳಿನ ಶೆಡ್‌ನಲ್ಲಿ, ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರಡುತ್ತಾರೆ. ಎರಡು ವಾರದ ಆಸುಪಾಸು ಒಣಗುತ್ತದೆ. ನಾಲ್ಕು ಕಿಲೋ ಹಣ್ಣಿಗೆ ಹೆಚ್ಚು ಕಮ್ಮಿ ಒಂದು ಕಿಲೋ ಒಣದ್ರಾಕ್ಷಿ. ನೆರಳಲ್ಲಿ ಒಣಗಿದ್ದಕ್ಕೇ ಆ ಹಸಿರು ಹೊಳಪು ಉಳಿಯುವುದು. ಫೆಬ್ರವರಿ, ಮಾರ್ಚ್‌ನಲ್ಲಿ ಹೋದರೆ ಶೆಡ್ ತುಂಬಿರುತ್ತದೆ. ಅಕ್ಟೋಬರ್‌ನಲ್ಲಿ ಖಾಲಿ ಶೆಡ್ ಮಾತ್ರ. ಆದರೂ ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟ ಮಾಲನ್ನು ರೈತರು ದೀಪಾವಳಿ ಮುಂಚೆ ತೆಗೆಯುತ್ತಾರೆ, ನೇರವಾಗಿ ಅವರಿಂದಲೇ ಕೊಳ್ಳಬಹುದು. ಕೊಳ್ಳುವಾಗ ಒಂದೆರಡು ಕಾಳು ಬಾಯಿಗೆ ಹಾಕಿ ನೋಡಿ. ಸಿಪ್ಪೆ ತೆಳು ಇರಬೇಕು, ಮರಳಿನ ಕರಕರ ಇರಬಾರದು.

ಯಾರ ಪಡಕ್ಕೂ ಕೇಳದೆ ಒಳಗೆ ಹೋಗಬೇಡಿ. ಕೇಳಿದರೆ ಬೇಡ ಎನ್ನುವವರು ಕಡಿಮೆ. ನಮ್ಮ ಕಡೆ ಮನೆ ಮುಂದೆ ಬಂದವರಿಗೆ ಚಹಾ ಕೊಡದೆ ಕಳಿಸುವುದಿಲ್ಲ. ಅತ್ತೆಯವರು ಚಪ್ಪರದ ಕೆಳಗೆ ಕುಳಿತು ಆ ಮನೆಯ ಹಿರಿಯರ ಜೊತೆ ಮಾತಿಗೆ ಇಳಿದರೆ ನೀವೇ ಎಬ್ಬಿಸಿಕೊಂಡು ಬರಬೇಕಾಗುತ್ತದೆ. ಸೀಗೆ ಹುಣ್ಣಿಮೆ ಹೊತ್ತಿಗೆ ಹೋದರೆ ದಾರಿಯ ಹೊಲಗಳಲ್ಲಿ ಚರಗ ಚೆಲ್ಲುವುದನ್ನೂ ನೋಡಬಹುದು. ಮಕ್ಕಳಿಗೆ ಅದನ್ನು ತೋರಿಸಲೇಬೇಕು.

ವೈನರಿಗೇ ಹೋಗುವುದಾದರೂ ತಪ್ಪೇನಿಲ್ಲ. ಕುಡಿಯಲೇಬೇಕು ಎಂದು ಯಾರೂ ಒತ್ತಾಯ ಮಾಡುವುದಿಲ್ಲ. ಆದರೆ ಮಕ್ಕಳಿಗೆ "ಒಂದು ಹನಿ ರುಚಿ ನೋಡು" ಎನ್ನುವುದು ಬೇಡವೇ ಬೇಡ. ಅತ್ತೆಯವರ ಮನಸ್ಸಿಗೆ ಇರುಸುಮುರುಸು ಆಗುವ ಹಾಗಿದ್ದರೆ ಅವರ ಮಾತೇ ನಡೆಯಲಿ.

ಪ್ರಶ್ನೆ: ಗೆಳೆಯರು ಐದು ಜನ ಒಂದೇ ಕಾರಿನಲ್ಲಿ ಹೋಗುತ್ತೇವೆ. ಎಲ್ಲರೂ ರುಚಿ ನೋಡುವವರೇ. ಒಂದೆರಡು ಗ್ಲಾಸ್ ಆದ ಮೇಲೆ ಗಾಡಿ ಓಡಿಸಿದರೆ ತೊಂದರೆ ಇಲ್ಲ ಅಲ್ವಾ?
ಓದುಗರೊಬ್ಬರು, ನವನಗರ, ಹುಬ್ಬಳ್ಳಿ

ಉತ್ತರ: ತೊಂದರೆ ಇದೆ. 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ ಅಪರಾಧ. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಒಂದೆರಡು ಗ್ಲಾಸ್ ಸಾಕು ಆ ಗೆರೆ ದಾಟಲು. ದಂಡದ ಮಾತು ಹಾಗಿರಲಿ. ಆ ಹೆದ್ದಾರಿಯಲ್ಲಿ ಸಂಜೆ ದನ, ಕುರಿ ಹಿಂಡು, ಲೈಟ್ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಬರುತ್ತವೆ. ಹೊಲದಿಂದ ಮನೆಗೆ ನಡೆದು ಹೋಗುವ ಜನ ಇರುತ್ತಾರೆ. ಬಾಡಿಗೆ ಡ್ರೈವರ್ ಕರೆದುಕೊಂಡು ಹೋಗಿ. ಅವರ ಊಟದ ಖರ್ಚು ನಿಮ್ಮದೇ ಇರಲಿ, ಅವರಿಗೆ ರುಚಿ ತೋರಿಸಬೇಡಿ. ಅಕ್ಟೋಬರ್ 2ರಂದು ಹೊರಡಬೇಡಿ, ಗಾಂಧಿ ಜಯಂತಿ ದಿನ ಮದ್ಯ ಮಾರುವ ಹಾಗಿಲ್ಲ.

ಪ್ರಶ್ನೆ: ಮೊದಲ ಸಲ ವೈನ್ ಕೊಳ್ಳಬೇಕು ಅಂತ ಇದ್ದೇನೆ. ನಮ್ಮ ಊಟಕ್ಕೆ ಯಾವುದು ಹೊಂದುತ್ತದೆ? ಮನೆಯಲ್ಲಿ ಹೇಗೆ ಇಡಬೇಕು?
ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ನಮ್ಮ ಊಟದಲ್ಲಿ ಖಾರ ಮುಂದೆ ಇರುತ್ತದೆ. ನಿಮ್ಮದಂತೂ ಬ್ಯಾಡಗಿ ಮೆಣಸಿನಕಾಯಿಯ ಜಿಲ್ಲೆ. ಒಗರು ಜಾಸ್ತಿ ಇರುವ ಕೆಂಪು ವೈನ್ ಖಾರದ ಜೊತೆ ಬಾಯಿ ಇನ್ನೂ ಉರಿಸುತ್ತದೆ. ಎಣ್ಣೆಗಾಯಿ, ರೊಟ್ಟಿ, ಕೆಂಪು ಚಟ್ನಿ ಜೊತೆಗೆ ಸ್ವಲ್ಪ ಸಿಹಿ ಉಳಿದಿರುವ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ಚೆನ್ನಾಗಿ ತಣ್ಣಗೆ ಮಾಡಿ ಕುಡಿದರೆ ಹಿತ. ಸಪ್ಪೆ ಊಟಕ್ಕೆ, ಹುರಿದ ಶೇಂಗಾಕ್ಕೆ ಸುವಿನ್ಯೋನ್ ಬ್ಲಾಂಕ್. ಕ್ಯಾಬರ್ನೆ, ಶಿರಾಜ್‌ನಂಥ ಕೆಂಪು ವೈನ್ ಬೇಕೆಂದರೆ ಖಾರ ಕಡಿಮೆ ಇರುವ ದಿನ ತೆಗೆಯಿರಿ.

ಕೆಂಪು ವೈನ್ ಮನೆಯ ಹವೆಯಲ್ಲೇ ಕುಡಿಯಬೇಕು ಎಂದು ಕೆಲವರು ಹೇಳುತ್ತಾರೆ. ಅದು ಯುರೋಪಿನ ತಂಪು ಮನೆಗಳ ಮಾತು, 16–18 ಡಿಗ್ರಿ. ನಮ್ಮ ಮನೆಯೊಳಗೆ 30 ಇರುತ್ತದೆ. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ಬಾಟಲಿಗೆ ಬಿಸಿಲು, ಬಿಸಿ ಎರಡೂ ಆಗದು. ವೈನರಿಯಿಂದ ಬರುವಾಗ ದಾರಿಯಲ್ಲಿ ಗುಡಿ ನೋಡಲು ಇಳಿದು, ಮುಚ್ಚಿದ ಕಾರಿನಲ್ಲಿ ಬಾಟಲಿ ಬಿಟ್ಟು ಹೋದರೆ ಬರುವಷ್ಟರಲ್ಲಿ ಕೆಡಬಹುದು. ಅದಕ್ಕೇ ಮೊದಲು ಲಕ್ಕುಂಡಿ, ಇಟಗಿ ಮುಗಿಸಿ ಕೊನೆಗೆ ವೈನರಿ ಇಟ್ಟುಕೊಳ್ಳಿ. ಕಾರ್ಕ್ ಬಿರಡೆ ಇದ್ದರೆ ಮಲಗಿಸಿ ಇಡಿ, ತಿರುಗುವ ಮುಚ್ಚಳ ಇದ್ದರೆ ಹೇಗಿಟ್ಟರೂ ನಡೆಯುತ್ತದೆ. ತೆರೆದ ಮೇಲೆ ಫ್ರಿಜ್‌ನಲ್ಲಿಟ್ಟು ಮೂರು ದಿನದಲ್ಲಿ ಮುಗಿಸಿ.

ಪ್ರಶ್ನೆ: ಅಕ್ಕಾವ್ರೇ, ನಮ್ಮದು ಹಾವೇರಿ ತಾಲ್ಲೂಕಿನಲ್ಲಿ ನಾಲ್ಕು ಎಕರೆ ಹೊಲ, ಗೋವಿನಜೋಳ ಹಾಕುತ್ತೇವೆ. ವೈನ್ ದ್ರಾಕ್ಷಿ ಹಾಕಿದರೆ ಒಳ್ಳೆ ದುಡ್ಡು ಅಂತ ಯಾರೋ ಹೇಳಿದರು. ಹಾಕಬಹುದಾ?
ರೈತರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಅಣ್ಣಾವ್ರೇ, ಅವಸರ ಮಾಡಬೇಡಿ. ನಿಮ್ಮ ಕಾಗದವನ್ನು ಎರಡೆರಡು ಸಲ ಓದಿದ್ದೇನೆ.

ವೈನ್ ದ್ರಾಕ್ಷಿ ಹಣ್ಣು ಸಣ್ಣದು, ಒಳಗೆ ಬೀಜ, ಸಿಪ್ಪೆ ದಪ್ಪ. ವೈನರಿ ಕೊಳ್ಳದಿದ್ದರೆ ಸಂತೆಯಲ್ಲಿ ಯಾರೂ ಕೇಳುವುದಿಲ್ಲ. ಥಾಮ್ಸನ್ ಎಂಬ ಬೀಜವಿಲ್ಲದ, ತಿನ್ನುವ ದ್ರಾಕ್ಷಿ ಹಾಕಿದ ನಮ್ಮಣ್ಣನಿಗೆ ಹಣ್ಣಿನ ರೇಟು ಬಿದ್ದರೆ ಒಣಗಿಸುವ ದಾರಿ ಇದೆ. ಕ್ಯಾಬರ್ನೆ ಹಾಕಿದವರಿಗೆ ಅದೂ ಇಲ್ಲ. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು, ವೈನ್ ಮಂಡಳಿಯೂ ಬಂತು. ಹಾಗಿದ್ದರೂ ಕೊಳ್ಳುವವರು ಬೆರಳೆಣಿಕೆಯಷ್ಟೇ. ಅವರ ಬೇಕು ಬೇಡ ಬದಲಾದರೆ ರೈತನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಬರವಣಿಗೆಯಲ್ಲಿ, ಕಿಲೋಗೆ ಎಷ್ಟು, ಎಷ್ಟು ವರ್ಷ, ಬ್ರಿಕ್ಸ್ ಎಷ್ಟಿರಬೇಕು ಎಂದು ಒಪ್ಪಂದ ಆಗದೆ ಒಂದು ಸಸಿಯನ್ನೂ ನೆಡಬೇಡಿ.

ಇನ್ನು ಮಳೆ. ನಿಮ್ಮ ಹೊಲ ಹಾನಗಲ್, ಶಿಗ್ಗಾವಿ ಕಡೆ ವಾಲಿದಷ್ಟೂ ಮಳೆ ಜಾಸ್ತಿ, ತೇವ ಜಾಸ್ತಿ, ಬೂಜು ಜಾಸ್ತಿ. ದ್ರಾಕ್ಷಿ ಒಣ ಹವೆಯ ಬೆಳೆ. ಕಲ್ಲು ಕಂಬ, ತಂತಿ, ಹನಿ ನೀರಾವರಿ, ಡಾಗ್‌ರಿಡ್ಜ್ ಎಂಬ ಬೇರು ತಳಿಯ ಮೇಲೆ ಕಸಿ, ವರ್ಷಕ್ಕೆ ಎರಡು ಚಾಟ್ನಿ. ಎಲ್ಲಕ್ಕೂ ಮೊದಲೇ ಕೈಯಿಂದ ದುಡ್ಡು ಹಾಕಬೇಕು, ಸರಿಯಾದ ಫಸಲು ನೋಡಲು ಎರಡು ಮೂರು ವರ್ಷ ಕಾಯಬೇಕು. ಚಾಟ್ನಿ ಬಲ್ಲ ಕೈಗಳು ನಿಮ್ಮೂರಲ್ಲಿ ಸಿಗುವುದೂ ಕಷ್ಟ. ನಮ್ಮ ಸೀಮೆಯಲ್ಲಿ ಆ ಕೆಲಸ ತಾಯಿಯಿಂದ ಮಗಳಿಗೆ ಬಂದಿದೆ.

ಆದರೂ ಆಸೆ ಇದ್ದರೆ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದವರನ್ನು ಕೇಳಿ. ವಿಜಯಪುರದ ಹತ್ತಿರ ತಿಡಗುಂದಿಯಲ್ಲಿ ಅವರ ಸಂಶೋಧನಾ ಕೇಂದ್ರವಿದೆ. ಹೋಗುವಾಗ ಹೊಲದ ಮಣ್ಣು, ಬೋರ್‌ವೆಲ್ ನೀರು ಎರಡನ್ನೂ ಪರೀಕ್ಷೆ ಮಾಡಿಸಿದ ಕಾಗದ ಇಟ್ಟುಕೊಂಡಿರಿ. ಅಕ್ಟೋಬರ್‌ನಲ್ಲಿ ಹೋದರೆ ಚಾಟ್ನಿ ನೋಡಬಹುದು, ಬೂಜಿಗೆ ಎಷ್ಟು ಸಲ ಔಷಧಿ ಹೊಡೆಯುತ್ತಾರೆ ಎಂದೂ ಕೇಳಬಹುದು. ಒಂದು ವರ್ಷದ ಖರ್ಚನ್ನು ಯಾರಾದರೂ ರೈತರ ಎದುರು ಕುಳಿತು ಬರೆದುಕೊಳ್ಳಿ. ಮನೆಯ ಹೆಣ್ಣುಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ, ಆ ಲೆಕ್ಕ ಅವರೂ ಕೇಳಲಿ. ಅಲ್ಲಿಯವರೆಗೆ ಗೋವಿನಜೋಳ ಇರಲಿ.